ಲಾಕ್ ಲೈಟು ಹಸಿರು, ಪಲ್ಸ್ ಮಾತ್ರ ಹಿಂದೆಮುಂದೆ: ಕಲಬುರಗಿಯ ಒಂದು ಕಂಟ್ರೋಲ್ ಬೆಂಚಿನ ಪ್ರಕರಣ

ಕ್ವಾಂಟಮ್ ಕಂಪ್ಯೂಟರ್ ಬಗ್ಗೆ ಬರೆಯುವವರೆಲ್ಲ ಕ್ಯೂಬಿಟ್ ಬಗ್ಗೆ, ಅಂದರೆ ಅದರ ಲೆಕ್ಕದ ಮೂಲ ಘಟಕದ ಬಗ್ಗೆ ಬರೀತಾರೆ. ಆ ಕ್ಯೂಬಿಟ್‌ಗೆ ಪಲ್ಸ್ (ಅದನ್ನು ನಡೆಸುವ ಸಣ್ಣ ಸಿಗ್ನಲ್ ತುಣುಕು) ಕಳಿಸುವ ಪೆಟ್ಟಿಗೆಗಳ ಬಗ್ಗೆ ಯಾರೂ ಜಾಸ್ತಿ ಮಾತಾಡೋದಿಲ್ಲ. ಈ ಪ್ರಕರಣ ಪೂರ್ತಿ ಆ ಪೆಟ್ಟಿಗೆಗಳದ್ದೇ. ಮೂರು ಬೋರ್ಡುಗಳನ್ನು ಒಂದೇ ಕ್ಲಾಕಿಗೆ (ತಾಳ ಕೊಡುವ ಸಿಗ್ನಲ್‌ಗೆ) ಕಟ್ಟಿ, ಕ್ಲಾಕಿಗೆ ಹೊಂದಿಕೊಂಡಿದೆ ಅನ್ನುವ ಹಸಿರು ಲಾಕ್ ಲೈಟು ಮೂರರಲ್ಲೂ ಹತ್ತಿದ ಮೇಲೂ ಪಲ್ಸ್‌ಗಳು ಒಂದಕ್ಕೊಂದು ಹೊಂದದೆ ಒಂದು ತಂಡ ತಿಂಗಳುಗಟ್ಟಲೆ ಒದ್ದಾಡಿತು. ಕೊನೆಗೆ ನೋಡಿದರೆ ತೊಂದರೆ ಒಂದಲ್ಲ, ಎರಡು ಇದ್ದವು, ಒಂದರ ಮರೆಯಲ್ಲಿ ಇನ್ನೊಂದು ಕೂತಿತ್ತು. ಯಾವುದನ್ನು ಮೊದಲು ಸರಿ ಮಾಡಬೇಕು ಅನ್ನೋದರ ಮೇಲೆಯೇ ಎಲ್ಲಾ ನಿಂತಿತ್ತು.

ಕಲಬುರಗಿಯ ಒಂದು ಎಂಜಿನಿಯರಿಂಗ್ ಕಾಲೇಜು ಅಂತಷ್ಟೇ ಹೇಳುತ್ತೇನೆ. ಹೆಸರು, ವರ್ಷ, ಬೋರ್ಡಿನ ಮಾಡೆಲ್ ಯಾವುದೂ ಬೇಡ. ತಂಡದಲ್ಲಿ ಇದ್ದವರು ಒಬ್ಬರು ಮೇಡಂ, ಎಫ್‌ಪಿಜಿಎ (ಒಳಗಿನ ಲಾಜಿಕ್ ನಾವೇ ಬರೆಯಬಹುದಾದ ಚಿಪ್) ಕೋಡ್ ಬರೆಯುವ ಒಬ್ಬ ಹುಡುಗಿ, ಕೇಬಲ್ ಮತ್ತು ಸೋಲ್ಡರಿಂಗ್ ನೋಡಿಕೊಳ್ಳುವ ಒಬ್ಬ ಹುಡುಗ. ಜೊತೆಗೆ ಲ್ಯಾಬಿನ ಅಟೆಂಡರ್, ಎಲ್ಲರೂ ಅವರನ್ನು ಕಾಕಾ ಅಂತಾರೆ. ನಾನು ಮೊದಲು ಒಂದು ಕಂಪನಿಯಲ್ಲಿ ಕ್ಲಾಕ್ ಬೋರ್ಡುಗಳ ಕೆಲಸ ಮಾಡಿದವನು, ಊರಿಗೆ ಬಂದ ಮೇಲೆ ಮೇಡಂ ಕರೆದಾಗಲೆಲ್ಲ ಹೋಗಿ ನೋಡುತ್ತಿದ್ದೆ. ಬರೆಯಲು ಅವರ ಒಪ್ಪಿಗೆ ಇದೆ.

ಹಿನ್ನೆಲೆ

ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು, 2030-31ರವರೆಗೆ 6,003.65 ಕೋಟಿ ರೂಪಾಯಿ. ಕಂಪ್ಯೂಟಿಂಗ್ ವಿಭಾಗದ ಹಬ್ ಬೆಂಗಳೂರಿನ ಐಐಎಸ್‌ಸಿಗೆ ಬಂತು. 2024ರ ಆಗಸ್ಟ್‌ನಲ್ಲಿ ಮುಂಬೈನ ಟಾಟಾ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನಲ್ಲಿ 6 ಕ್ಯೂಬಿಟ್‌ಗಳ ಪ್ರೊಸೆಸರ್ ಪರೀಕ್ಷೆ ಮುಗಿದ ಸುದ್ದಿಯೂ ಬಂತು. ಇವನ್ನೆಲ್ಲ ಓದಿ ನಮ್ಮ ಹುಡುಗರಿಗೂ ಏನಾದರೂ ಮಾಡಬೇಕು ಅನ್ನಿಸಿತು. ಈ ಬೆಂಚಿಗೆ ಮಿಷನ್ ದುಡ್ಡೇನೂ ಬಂದಿರಲಿಲ್ಲ, ಕಾಲೇಜಿನದೇ ಸಣ್ಣ ಮೊತ್ತ. ಕ್ಯೂಬಿಟ್ ಇಡುವ ಫ್ರಿಜ್ ಸಂಪೂರ್ಣ ಸೊನ್ನೆಗಿಂತ ಒಂದು ಡಿಗ್ರಿಯ ನೂರನೇ ಒಂದು ಭಾಗದಷ್ಟು ಮೇಲೆ ಓಡಬೇಕು. ಅದು ಇಲ್ಲಿ ಆಗುವ ಮಾತಲ್ಲ. ಆದರೆ ಫ್ರಿಜ್ಜಿನ ಹೊರಗಿನ ಎಲೆಕ್ಟ್ರಾನಿಕ್ಸ್ ಆಗಬಹುದು ಅಂತ ಮೇಡಂ ಹೇಳಿದರು. ಮೂರು ಬೋರ್ಡುಗಳ ಬೆಂಚು ಕಟ್ಟಿ, ಇಲ್ಲೇ ಪರೀಕ್ಷೆ ಮಾಡಿ, ಬೆಂಗಳೂರಿನ ಫ್ರಿಜ್ ಇರುವ ಒಂದು ಲ್ಯಾಬಿಗೆ ಕೊಡೋದು ಅಂತ ಮಾತಾಯಿತು.

ಬೆಂಚು ಹೀಗಿತ್ತು. ಎ ಬೋರ್ಡು ಒಂದನೇ ಕ್ಯೂಬಿಟ್‌ಗೆ ಪಲ್ಸ್ ಕೊಡುತ್ತದೆ, ಬಿ ಎರಡನೇದಕ್ಕೆ. ಸಿ ಬೋರ್ಡು ವಾಪಸ್ ಬಂದ ಸಿಗ್ನಲ್ ಓದುತ್ತದೆ. ಕ್ಯೂಬಿಟ್ ಇಲ್ಲದ್ದರಿಂದ ಎ ಮತ್ತು ಬಿ ಔಟ್‌ಪುಟ್‌ಗಳನ್ನು ನೇರ ಸಿಗೆ ಕೇಬಲ್ ಹಾಕಿ ನೋಡುವುದು. ನಡುವೆ ಒಂದು ಒಳ್ಳೆ ಕ್ರಿಸ್ಟಲ್ ಆಸಿಲೇಟರ್, 10 ಮೆಗಾಹರ್ಟ್ಸ್ ರೆಫರೆನ್ಸ್ ಕೊಡುತ್ತದೆ. ಪ್ರತಿ ಬೋರ್ಡಿನ ಕ್ಲಾಕ್ ಚಿಪ್ಪಿನಲ್ಲಿರುವ ಪಿಎಲ್‌ಎಲ್ ಅನ್ನುವ ಸರ್ಕ್ಯೂಟ್ ಅದಕ್ಕೆ ಹೊಂದಿಕೊಂಡು, ಅದನ್ನು ನೂರು ಪಟ್ಟು ಮಾಡಿ 1 ಗಿಗಾಹರ್ಟ್ಸ್ ಮಾಡುತ್ತದೆ, ಅದು ಡ್ಯಾಕ್‌ಗೆ, ಅಂದರೆ ಅಂಕಿಗಳನ್ನು ಸಿಗ್ನಲ್ ಮಾಡುವ ಚಿಪ್ಪಿಗೆ. ಅದನ್ನೇ ನಾಲ್ಕರಿಂದ ಭಾಗಿಸಿ 250 ಮೆಗಾಹರ್ಟ್ಸ್, ಅದು ಎಫ್‌ಪಿಜಿಎಗೆ. ಅಂದರೆ ಎಫ್‌ಪಿಜಿಎಯ ಒಂದು ಟಿಕ್ 4 ನ್ಯಾನೋಸೆಕೆಂಡ್. ಈ ಲೆಕ್ಕ ತಲೆಯಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಷ್ಟು ಸಣ್ಣ ಹೊತ್ತಿಗೆ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅಂದರೆ, ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್‌ಗಳು 4ರಿಂದ 6 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ, ಒಂದು ಗೇಟಿನ ಪಲ್ಸ್ 20ರಿಂದ 40 ನ್ಯಾನೋಸೆಕೆಂಡ್ ಇದ್ದರೆ ಅದೇ ಮಾಮೂಲು. ಈ ಬೆಂಚಿನಲ್ಲಿ ಪಲ್ಸ್ ಮೊದಲು 100 ಮೆಗಾಹರ್ಟ್ಸ್‌ನಲ್ಲಿ ತಯಾರಾಗುತ್ತದೆ, ಆಮೇಲೆ ಮಿಕ್ಸರ್ ಅದನ್ನು ಆ ಗಿಗಾಹರ್ಟ್ಸ್ ಮಟ್ಟಕ್ಕೆ ಏರಿಸುತ್ತದೆ. 100 ಮೆಗಾಹರ್ಟ್ಸ್ ಅಂದರೆ ಒಂದು ಸುತ್ತಿಗೆ 10 ನ್ಯಾನೋಸೆಕೆಂಡ್. ಒಂದು ನ್ಯಾನೋಸೆಕೆಂಡ್ ತಪ್ಪಿದರೆ ಫೇಸ್ (ಅಲೆ ತನ್ನ ಸುತ್ತಿನಲ್ಲಿ ಎಲ್ಲಿದೆ ಅನ್ನೋದು) 36 ಡಿಗ್ರಿ ತಿರುಗುತ್ತದೆ, ನಾಲ್ಕು ತಪ್ಪಿದರೆ 144 ಡಿಗ್ರಿ. ಎಕ್ಸ್ ಅಕ್ಷದ ಸುತ್ತ ತಿರುಗಿಸಬೇಕಾದ ಕ್ಯೂಬಿಟ್ಟನ್ನು ಬೇರೆಲ್ಲೋ ತಿರುಗಿಸಿದಂತಾಯಿತು. ಒಂದೇ ಕ್ಯೂಬಿಟ್ ಇದ್ದು, ತಡ ಯಾವಾಗಲೂ ಅಷ್ಟೇ ಇದ್ದರೆ ಚಿಂತೆ ಇಲ್ಲ, ಕ್ಯಾಲಿಬ್ರೇಷನ್‌ನಲ್ಲಿ ಹೋಗಿಬಿಡುತ್ತದೆ. ಎರಡು ಕ್ಯೂಬಿಟ್‌ಗಳ ಪಲ್ಸ್ ಸೇರಬೇಕಾದಾಗ, ಅದೂ ತಡ ಇವತ್ತೊಂದು ನಾಳೆಯೊಂದು ಆದಾಗ ಕಷ್ಟ ಶುರುವಾಗುತ್ತದೆ.

ಮೊದಲ ಸುತ್ತು

ಶುರುವಿನಲ್ಲಿ ರೆಫರೆನ್ಸ್ ಮತ್ತು ಟ್ರಿಗರ್ (ಈಗ ಶುರು ಮಾಡು ಅನ್ನುವ ಸಿಗ್ನಲ್) ಎರಡನ್ನೂ ಎಯಿಂದ ಬಿಗೆ, ಬಿಯಿಂದ ಸಿಗೆ ಅಂತ ಸಾಲಾಗಿ ಕೊಟ್ಟಿದ್ದರು. ಕೇಬಲಿನಲ್ಲಿ ಸಿಗ್ನಲ್ ಒಂದು ಮೀಟರ್ ಹೋಗಲು ಸುಮಾರು 5 ನ್ಯಾನೋಸೆಕೆಂಡ್ ಬೇಕು, ಮಧ್ಯೆ ಬಫರ್‌ಗಳ ತಡ ಬೇರೆ. ಇದು ಬೇಗ ಗೊತ್ತಾಯಿತು. ಹುಡುಗ ಒಂದು ಡಿಸ್ಟ್ರಿಬ್ಯೂಷನ್ ಬಾಕ್ಸ್ ಮಾಡಿ, ಮೂರು ಬೋರ್ಡಿಗೂ ಒಂದೇ ಉದ್ದದ ಕೇಬಲ್ ಕತ್ತರಿಸಿ ಹಾಕಿದ. ಇದರ ಬಗ್ಗೆ ಹೆಚ್ಚು ಹೇಳೋದಿಲ್ಲ, ಎಲ್ಲರೂ ಮಾಡುವ ಕೆಲಸ.

ಆಮೇಲೂ ಎ ಮತ್ತು ಬಿ ಪಲ್ಸ್‌ಗಳ ನಡುವೆ ಸ್ಕೋಪಿನಲ್ಲಿ, ಅಂದರೆ ಸಿಗ್ನಲ್ ತೋರಿಸುವ ಆಸಿಲೋಸ್ಕೋಪಿನಲ್ಲಿ, ಅಂತರ ಕಾಣುತ್ತಿತ್ತು. ಅಂತರ ಬೋರ್ಡಿನದೋ ಸ್ಕೋಪಿನದೋ ಅಂತ ತಿಳಿಯಲು ಹುಡುಗ ಎರಡು ಪ್ರೋಬ್‌ಗಳನ್ನು ಅದಲುಬದಲು ಮಾಡಿ ನೋಡಿದ. ಅಂತರ ಪಲ್ಸ್ ಜೊತೆಯಲ್ಲೇ ಹೋಯಿತು, ಸ್ಕೋಪ್ ತಪ್ಪಿಲ್ಲ. ಸುಮ್ನೆ ಎರಡು ನಿಮಿಷದ ಕೆಲಸ ಇದು, ಆದರೆ ಬಹಳ ಜನ ಮಾಡೋದಿಲ್ಲ.

ಸರಿ, ಎಷ್ಟು ತಡ ಇದೆಯೋ ಅಳೆದು, ಸಾಫ್ಟ್‌ವೇರ್‌ನಲ್ಲಿ ಒಂದು ಪಟ್ಟಿ ಮಾಡಿ, ಪ್ರತಿ ಬೋರ್ಡಿಗೂ ಅಷ್ಟಷ್ಟು ಹಿಂದೆಮುಂದೆ ಮಾಡಿದರು. ಪಲ್ಸ್‌ಗಳು ಒಂದರ ಮೇಲೊಂದು ಕೂತವು. ಎಲ್ಲರಿಗೂ ಖುಷಿ. ರಿವ್ಯೂ ಹತ್ತಿರ ಬರುತ್ತಿತ್ತು.

ಹುಡುಗಿಗೆ ಮಾತ್ರ ಒಂದು ಅನುಮಾನ ಇತ್ತು. ಬೋರ್ಡು ಆಫ್ ಮಾಡಿ ಆನ್ ಮಾಡಿದಾಗ ಅಂಕಿ ಸ್ವಲ್ಪ ಬೇರೆ ಬಂದ ಹಾಗೆ ಅನ್ನಿಸಿತ್ತು ಅವಳಿಗೆ. ಅದಕ್ಕೆ ತಂಡ ಕಂಡುಕೊಂಡ ಉಪಾಯ ಏನು ಗೊತ್ತೇ? ರಿವ್ಯೂ ಮುಗಿಯುವವರೆಗೆ ಬೋರ್ಡುಗಳನ್ನು ಆಫ್ ಮಾಡೋದೇ ಬೇಡ. ಯುಪಿಎಸ್ ಮೇಲೆ ಓಡಲಿ. ಇಂಥ ಉಪಾಯ ನಾನು ದೊಡ್ಡ ಕಂಪನಿಗಳಲ್ಲೂ ನೋಡಿದ್ದೇನೆ. ಆಗ ನಗು ಬರುತ್ತದೆ, ಆದರೆ ಇದು ತೊಂದರೆಯನ್ನು ಬಚ್ಚಿಡುವ ತೀರ್ಮಾನ, ಇದಕ್ಕೆ ಕೊನೆಗೆ ಬೆಲೆ ತೆರಲೇಬೇಕು.

ಕಾಕಾ ಹಿಂದಿನ ದಿನವೇ ಎಚ್ಚರಿಸಿದ್ದರು. "ಮೇಡಂ, ನಾಳಿ ಲೈನಿನ ಕೆಲಸ ಅದಂತ್ರಿ, ಕರೆಂಟ್ ತಗಿತಾರ. ಎಲ್ಲಾ ಬಂದ್ ಮಾಡಿ ಹೋಗ್ರಿ."

ಮೇಡಂ ಬಂದ್ ಮಾಡಿಸಲಿಲ್ಲ. ಯುಪಿಎಸ್ ಬ್ಯಾಟರಿ ಹಳೆಯದು. ಮೇ ತಿಂಗಳು, ಕಲಬುರಗಿಯಲ್ಲಿ 42 ಡಿಗ್ರಿ ಅಂದರೆ ಯಾರೂ ತಿರುಗಿಯೂ ನೋಡುವುದಿಲ್ಲ, ಅಂಥ ಬಿಸಿಲಲ್ಲಿ ಬ್ಯಾಟರಿಗೆ ಏನು ಜೀವ ಇರುತ್ತದೆ. ಕರೆಂಟ್ ವಾಪಸ್ ಬಂದಾಗ ಮೂರೂ ಬೋರ್ಡುಗಳು ಹೊಸದಾಗಿ ಎದ್ದಿದ್ದವು, ಮೂರರಲ್ಲೂ ಲಾಕ್ ಲೈಟು ಹಸಿರು, ಎ ಮತ್ತು ಬಿ ನಡುವೆ ಮಾತ್ರ 2 ನ್ಯಾನೋಸೆಕೆಂಡ್ ಅಂತರ.

"ಲಾಕ್ ಆಗ್ಯದ್ರಿ ಸರ್, ನೋಡ್ರಿ ಬೇಕಾದ್ರ," ಅಂತ ಹುಡುಗ ನನಗೆ ಫೋನಿನಲ್ಲಿ ಹೇಳಿದ. "ಮತ್ತ ಯಾಕ ಸರಿ ಬರವಲ್ದು?"

ಬಿಸಿಲಿನ ಮೇಲೆ ಅನುಮಾನ

ರಿವ್ಯೂ ಹೇಗೋ ಮುಗಿಯಿತು. ಆಮೇಲೆ ಎಲ್ಲರ ಅನುಮಾನ ಬಿಸಿಲಿನ ಮೇಲೆ ಹೋಯಿತು. ಕಲಬುರಗಿಯಲ್ಲಿ ಏನೇ ಕೆಟ್ಟರೂ ಮೊದಲು ಬೈಸಿಕೊಳ್ಳೋದು ಬಿಸಿಲೇ. ಎಸಿಯನ್ನು 18 ಡಿಗ್ರಿಗೆ ಇಟ್ಟು ಎಲ್ಲರೂ ಶಾಲು ಹೊದ್ದು ಕೂತರು. ಏನೂ ಬದಲಾಗಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ತೆಳುವಾದ ಒಳ್ಳೆ ಕೇಬಲ್‌ಗಳ ಒಳಗೆ ಇರುವುದು ಟೆಫ್ಲಾನ್, ಅಂದರೆ ಪಿಟಿಎಫ್‌ಇ. ಅದರ ಒಳರಚನೆ 19 ಡಿಗ್ರಿ ಸುಮಾರಿಗೆ ಬದಲಾಗುತ್ತದೆ, ಆ ಬಿಸಿಯ ಆಸುಪಾಸಿನಲ್ಲೇ ಕೇಬಲಿನ ತಡ ಎಲ್ಲಕ್ಕಿಂತ ಜಾಸ್ತಿ ಅಲುಗಾಡುತ್ತದೆ. ಎಸಿ 18ಕ್ಕೆ ಇಡುವುದೆಂದರೆ ಬೇಕಂತಲೇ ಆ ಜಾಗಕ್ಕೆ ಹೋಗಿ ಕೂತಂತೆ. 26 ಡಿಗ್ರಿಯಲ್ಲಿ ಅಲುಗದೆ ನಿಲ್ಲಿಸಿದರೆ ಅದಕ್ಕಿಂತ ಒಳ್ಳೆಯದು. ಮೀಟರ್ ಉದ್ದದ ಕೇಬಲಿನಲ್ಲಿ ಇದು ಪಿಕೋಸೆಕೆಂಡ್‌ಗಳ ಮಾತು, ಇವರ ಸ್ಕೋಪಿಗೆ ಕಾಣುವುದೇ ಇಲ್ಲ. 5 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಒಂದು ಪಿಕೋಸೆಕೆಂಡ್ ಅಂದರೆ 1.8 ಡಿಗ್ರಿ ಫೇಸ್, ಅಲ್ಲಿ ಇದಕ್ಕೂ ಲೆಕ್ಕ ಕೊಡಬೇಕು.

ನಾನು ಅವರಿಗೆ ಕೇಳಿದ್ದು ಒಂದೇ. ಅಂತರ ನಿಧಾನಕ್ಕೆ ಜಾರುತ್ತಿದೆಯೋ, ಇಲ್ಲಾ ಒಮ್ಮೆಲೇ ಹಾರುತ್ತಿದೆಯೋ? ಬಿಸಿಲು, ಕೇಬಲ್, ಆಂಪ್ಲಿಫೈಯರ್ ಇವೆಲ್ಲ ನಿಧಾನಕ್ಕೆ ಜಾರಿಸುತ್ತವೆ. ಒಮ್ಮೆಲೇ ಪೂರ್ಣ ನ್ಯಾನೋಸೆಕೆಂಡ್ ಹಾರುವುದು ಡಿಜಿಟಲ್ ಕೆಲಸ, ಎಲ್ಲೋ ಒಂದು ಕೌಂಟರ್ ಬೇರೆ ಜಾಗದಿಂದ ಎಣಿಸಲು ಶುರುಮಾಡಿದೆ ಅಂತ ಅರ್ಥ.

ಪ್ರಕರಣ ತಿರುಗಿದ್ದು ಇಲ್ಲಿ. ಮೇಡಂ ಒಂದು ನೋಟ್‌ಬುಕ್ ಇಡಿಸಿದರು. ಬೆಳಿಗ್ಗೆ ಬಂದವರು ಬೋರ್ಡು ಆಫ್ ಮಾಡಬೇಕು, ಆನ್ ಮಾಡಬೇಕು, ಎ ಮತ್ತು ಬಿ ಅಂತರ ಬರೆಯಬೇಕು. ಊಟಕ್ಕೆ ಹೋಗುವಾಗ ಮತ್ತೆ, ವಾಪಸ್ ಬಂದಾಗ ಮತ್ತೆ. ಇಷ್ಟು ದಿನ ಯಾವುದಕ್ಕೆ ಹೆದರಿ ಆಫ್ ಮಾಡುತ್ತಿರಲಿಲ್ಲವೋ ಅದನ್ನೇ ಈಗ ಬೇಕಂತ ಮಾಡುವುದು. ನೋಟ್‌ಬುಕ್ಕಿನ ಒಂದು ಪುಟ ತುಂಬುವಷ್ಟರಲ್ಲಿ ಕಥೆ ಗೊತ್ತಾಯಿತು. ಸೊನ್ನೆ, 1, 2, 3 ನ್ಯಾನೋಸೆಕೆಂಡ್. ಈ ನಾಲ್ಕೇ ಅಂಕಿ, ಹಿಂದೆಮುಂದೆ ಆಗಿ ಬರುತ್ತಿದ್ದವು. ಒಂದೂವರೆ ಇಲ್ಲ, ಎರಡೂಕಾಲು ಇಲ್ಲ. ಒಮ್ಮೆ ಆನ್ ಆದ ಮೇಲೆ ಆಫ್ ಮಾಡುವವರೆಗೂ ಅದೇ ಅಂಕಿ.

ನಾಲ್ಕು ಅಂದ ಕೂಡಲೇ ಹುಡುಗಿಗೆ ಹೊಳೆಯಿತು. 1 ಗಿಗಾಹರ್ಟ್ಸ್ ಅನ್ನು ನಾಲ್ಕರಿಂದ ಭಾಗಿಸುತ್ತೇವಲ್ಲ, ಆ ಡಿವೈಡರ್ ಆನ್ ಆದಾಗ ಯಾವ ಎಡ್ಜ್‌ನಿಂದ (ಕ್ಲಾಕ್ ಏರುವ ಇಲ್ಲಾ ಇಳಿಯುವ ಕ್ಷಣದಿಂದ) ಎಣಿಕೆ ಶುರು ಮಾಡುತ್ತದೆ ಅಂತ ಯಾರೂ ಹೇಳಿಲ್ಲ. ನಾಲ್ಕು ಜಾಗ ಇವೆ, ಯಾವುದಾದರೂ ಆಗಬಹುದು. ಭಜನೆಯಲ್ಲಿ ಮೂವರು ತಾಳ ಹಾಕುವವರು ಒಂದೇ ಲಯದಲ್ಲಿದ್ದೂ, ಒಬ್ಬೊಬ್ಬರು ಒಂದೊಂದು ಕಡೆಯಿಂದ ಆವರ್ತ ಶುರು ಮಾಡಿಬಿಟ್ಟ ಹಾಗೆ. ಲಯ ತಪ್ಪಿಲ್ಲ, ಆದರೆ ಸಮಕ್ಕೆ ಮೂವರೂ ಕೂಡುವುದಿಲ್ಲ. ಲಾಕ್ ಲೈಟು ಹೇಳುವುದು ಲಯದ ಮಾತು ಮಾತ್ರ. 10 ಮೆಗಾಹರ್ಟ್ಸ್‌ಗೆ ಪಿಎಲ್‌ಎಲ್ ಕಟ್ಟಿಕೊಂಡಿದೆ ಅಂತ ಅದು ಹೇಳುತ್ತದೆ, ಅಷ್ಟೇ. ಎಣಿಕೆ ಎಲ್ಲಿಂದ ಶುರು ಅನ್ನೋದು ಅದಕ್ಕೆ ಗೊತ್ತೇ ಇಲ್ಲ.

ಮರೆಯಲ್ಲಿದ್ದ ಇನ್ನೊಂದು

ಅಷ್ಟರಲ್ಲಿ ಸಿ ಬೋರ್ಡಿನಲ್ಲಿ ಬೇರೆಯದೇ ಗಲಾಟೆ. ಎ ಕಳಿಸಿದ ಒಂದೇ ಪಲ್ಸನ್ನು ಸಿ ಸಾವಿರ ಸಲ ಓದಿ ಸರಾಸರಿ ತೆಗೆಯುತ್ತದೆ. ಕೆಲವು ದಿನ ಸರಾಸರಿ ಸರಿಯಾಗಿ ಬರುತ್ತಿತ್ತು, ಕೆಲವು ದಿನ ಸಿಗ್ನಲ್ ಐದನೇ ಒಂದು ಭಾಗ ಕಮ್ಮಿ. ನಾಯ್ಸ್ ಇರಬೇಕು ಅಂತ ಆಂಪ್ಲಿಫೈಯರ್ ಬದಲಿಸಿದರು, ಗ್ರೌಂಡಿಂಗ್ ನೋಡಿದರು, ಟ್ಯೂಬ್‌ಲೈಟ್ ಆಫ್ ಮಾಡಿದರು.

ಇದೇ ಕೆಲಸ ನಿಜವಾದ ಕ್ಯೂಬಿಟ್ ಜೊತೆ ನಡೆದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ. ಸಿಗ್ನಲ್ ಕಮ್ಮಿ ಬಂದರೆ ಕ್ಯೂಬಿಟ್ ಬೇಗ ಸ್ಥಿತಿ ಕಳೆದುಕೊಳ್ಳುತ್ತಿದೆ ಅಂತ ಯಾರಾದರೂ ಬರೆದುಬಿಡುತ್ತಿದ್ದರು. ಚಿಪ್ ಮಾಡಿದವರು ಬೈಸಿಕೊಳ್ಳುತ್ತಿದ್ದರು, ತಪ್ಪು ಹೊರಗಿನ ಟ್ರಿಗರ್‌ನದ್ದು. ಕ್ಯೂಬಿಟ್ ಇಲ್ಲದೆ ಪರೀಕ್ಷೆ ಮಾಡಿದ್ದು ಈ ತಂಡದ ಬಡತನ ಅಂತ ಎಲ್ಲರೂ ತಿಳಿದಿದ್ದರು, ನನ್ನ ಪ್ರಕಾರ ಅದೇ ಅವರ ಭಾಗ್ಯ. ಎ ಮತ್ತು ಸಿ ನಡುವೆ ಇದ್ದದ್ದು ಒಂದು ಕೇಬಲ್ ಮಾತ್ರ, ಅದರ ಮೇಲೆ ತಪ್ಪು ಹೊರಿಸಲು ಆಗುವುದಿಲ್ಲ.

ಸರಾಸರಿ ತೆಗೆಯೋದು ಬಿಟ್ಟು, ಒಂದೊಂದು ಶಾಟನ್ನೂ, ಅಂದರೆ ಒಂದೊಂದು ಸಲದ ಓದನ್ನೂ, ಬೇರೆ ಬೇರೆ ಇಟ್ಟು ನೋಡಿ ಅಂದೆ. ಹುಡುಗಿ ಪ್ರತಿ ಶಾಟಿನ ಫೇಸ್ ಲೆಕ್ಕ ಮಾಡಿ ಚುಕ್ಕೆ ಇಟ್ಟಳು. ನಾಯ್ಸ್ ಆಗಿದ್ದರೆ ಚುಕ್ಕೆಗಳೆಲ್ಲ ಒಂದೇ ಕಡೆ ಹರಡಿಕೊಂಡಿರಬೇಕಿತ್ತು. ಪರದೆ ಮೇಲೆ ಎರಡು ಗುಂಪು ಕಂಡವು. ಒಂದು ದೊಡ್ಡದು, ಅದರಿಂದ 144 ಡಿಗ್ರಿ ದೂರದಲ್ಲಿ ಇನ್ನೊಂದು ಚಿಕ್ಕದು. 144 ಅಂದರೆ 4 ನ್ಯಾನೋಸೆಕೆಂಡ್, ಸರಿಯಾಗಿ ಒಂದು ಟಿಕ್. ಹತ್ತರಲ್ಲಿ ಒಂದು ಶಾಟ್ ಹೀಗೆ ಒಂದು ಟಿಕ್ ಜಾರಿದರೂ ಸರಾಸರಿ 82 ಪರ್ಸೆಂಟಿಗೆ ಇಳಿಯುತ್ತದೆ, ಲೆಕ್ಕ ಹಾಕಿ ನೋಡಿ.

ಕಾರಣ ಗೊತ್ತಿದ್ದದ್ದೇ. ಟ್ರಿಗರ್ ಬರುವ ಹೊತ್ತು ಮತ್ತು 250 ಮೆಗಾಹರ್ಟ್ಸ್‌ನ ಎಡ್ಜ್ ಎರಡೂ ಹತ್ತಿರ ಬಂದಾಗ, ಒಮ್ಮೆ ಈ ಟಿಕ್‌ನಲ್ಲಿ ಸಿಗುತ್ತದೆ, ಒಮ್ಮೆ ಮುಂದಿನದರಲ್ಲಿ. ಹುಡುಗಿ ಕೋಡ್‌ನಲ್ಲಿ, ಎಡ್ಜ್ ಬಂದಾಗ ಸಿಗ್ನಲ್ ಹಿಡಿದಿಡುವ ಎರಡು ಫ್ಲಿಪ್‌ಫ್ಲಾಪ್ ಸಾಲಾಗಿ ಹಾಕಿದಳು, ಪಾಠದಲ್ಲಿ ಹೇಳಿಕೊಡುವುದು ಹಾಗೇ. ಚಿಕ್ಕ ಗುಂಪು ಹೋಗಲಿಲ್ಲ. ಹೋಗುವುದೂ ಇಲ್ಲ. ಎರಡು ಫ್ಲಿಪ್‌ಫ್ಲಾಪ್ ಮಾಡುವುದು ಸಿಗ್ನಲ್ ಸೊನ್ನೆಯೂ ಅಲ್ಲದ ಒಂದೂ ಅಲ್ಲದ ಸ್ಥಿತಿಯಲ್ಲಿ ತೂಗಾಡುವುದನ್ನು ಒಳಗೆ ಬಿಡದಿರುವ ಕೆಲಸ. ಯಾವ ಟಿಕ್‌ನಲ್ಲಿ ಬಂತು ಅನ್ನುವ ಅನುಮಾನ ಹಾಗೇ ಉಳಿಯುತ್ತದೆ.

ಆಗ ಹುಡುಗ ಬೇರೆ ಒಂದು ದಾರಿ ಹಿಡಿದ. ಸಿಯ ಟ್ರಿಗರ್ ಕೇಬಲ್ಲಿಗೆ 40 ಸೆಂಟಿಮೀಟರ್ ತುಂಡು ಸೇರಿಸಿದ, ಅಂದರೆ 2 ನ್ಯಾನೋಸೆಕೆಂಡ್ ತಡ. ಚಿಕ್ಕ ಗುಂಪು ಮಾಯ!

"ಈಗ ಎಲ್ಲಾ ಸರಿ ಬರ್ಲಾಕತ್ತದ್ರಿ ಮೇಡಂ, ಹಿಂಗೇ ಬಿಟ್ಟುಬಿಡಮು."

ಬಿಡಬಹುದಿತ್ತು. ಬಹಳ ಕಡೆ ಹೀಗೇ ಬಿಡುತ್ತಾರೆ, ಯಾವುದೋ ಪೆಟ್ಟಿಗೆ ಹಿಂದೆ ಯಾಕಿದೆ ಅಂತ ಯಾರಿಗೂ ಗೊತ್ತಿಲ್ಲದ ಒಂದು ಉದ್ದ ಕೇಬಲ್ ಸುರುಳಿ ಸುತ್ತಿ ಟೇಪ್ ಅಂಟಿಸಿಕೊಂಡು ಕೂತಿರುತ್ತದೆ, ಅದನ್ನು ತೆಗೆದರೆ ಮಷೀನ್ ನಿಲ್ಲುತ್ತದೆ. ಮೇಡಂ ಒಪ್ಪಲಿಲ್ಲ. "ಒಮ್ಮೆ ಆಫ್ ಮಾಡಿ ಆನ್ ಮಾಡಪ್ಪ" ಅಂದರು. ಆ ಸಲ ಸರಿ ಇತ್ತು. ಇನ್ನೊಂದೆರಡು ಸಲಕ್ಕೆ ಚಿಕ್ಕ ಗುಂಪು ವಾಪಸ್ ಬಂತು. ಯಾಕೆಂದರೆ ಡಿವೈಡರ್ ಬೇರೆ ಜಾಗದಿಂದ ಎಣಿಸಲು ಶುರು ಮಾಡಿತ್ತು, 250 ಮೆಗಾಹರ್ಟ್ಸ್‌ನ ಎಡ್ಜ್ ಸರಿದು ಈಗ ಹೊಸ ಕೇಬಲಿನ ಟ್ರಿಗರ್ ಪಕ್ಕಕ್ಕೇ ಬಂದು ಕೂತಿತ್ತು.

ಎರಡೂ ತೊಂದರೆ ಕೂಡಿಕೊಂಡಿವೆ ಅಂತ ಗೊತ್ತಾದದ್ದು ಆಗಲೇ. ಟ್ರಿಗರ್ ಜಾರುವುದನ್ನು ಮೊದಲು ಸರಿ ಮಾಡಲು ಹೋದರೆ ಪ್ರತಿ ಸಲ ಆನ್ ಮಾಡಿದಾಗಲೂ ಬೇರೆ ಬೇರೆ ಬೆಂಚಿನ ಮೇಲೆ ಕೆಲಸ ಮಾಡಿದಂತೆ. ಯಾವ ಪರೀಕ್ಷೆಗೂ ಅರ್ಥ ಇರುವುದಿಲ್ಲ, ಇವತ್ತು ಗೆದ್ದದ್ದು ನಾಳೆ ಸೋಲುತ್ತದೆ. ಆದ್ದರಿಂದ ಟ್ರಿಗರ್ ಮುಟ್ಟುವುದು ಬೇಡ, ಮೊದಲು ಡಿವೈಡರ್ ಅಂತ ತೀರ್ಮಾನ ಆಯಿತು.

ಹೊಸ ಬೋರ್ಡು ಕೊಳ್ಳೋಣವೇ ಅನ್ನುವ ಮಾತೂ ಬಂದಿತ್ತು. ಎಫ್‌ಪಿಜಿಎ, ಡ್ಯಾಕ್ ಎಲ್ಲಾ ಒಂದರಲ್ಲೇ ಇರುವ ಆರ್‌ಎಫ್‌ಎಸ್‌ಒಸಿ ಅಂತ ಚಿಪ್ಪುಗಳು ಬರುತ್ತವೆ, ಝಡ್‌ಸಿಯು216 ಬೋರ್ಡಿನ ಒಂದೇ ಚಿಪ್ಪಿನಲ್ಲಿ 16 ಡ್ಯಾಕ್, 16 ಎಡಿಸಿ (ಸಿಗ್ನಲನ್ನು ಅಂಕಿ ಮಾಡುವವು) ಇವೆ, ಅಮೆರಿಕದ ಫರ್ಮಿಲ್ಯಾಬ್ ಮಾಡಿದ ಕ್ವಿಕ್ ಅನ್ನುವ ಸಾಫ್ಟ್‌ವೇರ್ ಇಂಥ ಬೋರ್ಡುಗಳ ಮೇಲೆ ಓಡುತ್ತದೆ, ಅದು ಓಪನ್ ಸೋರ್ಸ್. ಚೆನ್ನಾಗಿದೆ, ಆದರೆ ಬೆಲೆ ಕೇಳಿ ಮೇಡಂ ಸುಮ್ಮನಾದರು. ಇನ್ನೊಂದು, ಆ ಚಿಪ್ಪಿನ ಒಳಗಿನ ಭಾಗಗಳನ್ನೂ ಸೇರಿಸಿ ಒಂದೇ ಹೊತ್ತಿಗೆ ತರುವ ಕ್ರಮವನ್ನು ಬೇರೆಯಾಗಿ ಓಡಿಸಬೇಕು. ನೂರು ಕ್ಯೂಬಿಟ್ ದಾಟಿದ ಮಷೀನ್‌ಗಳಲ್ಲಿ, ಗೂಗಲ್‌ನ ವಿಲೋ ಚಿಪ್ಪಿನಲ್ಲೇ 105 ಕ್ಯೂಬಿಟ್ ಇವೆ, ಬೋರ್ಡುಗಳ ಸಂಖ್ಯೆ ಹೇಗೂ ಹೆಚ್ಚುತ್ತದೆ. ಈ ಪ್ರಶ್ನೆಯಿಂದ ದುಡ್ಡು ಕೊಟ್ಟು ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಸಿಂಕ್ ಪಿನ್

ಕ್ಲಾಕ್ ಚಿಪ್ಪಿನ ಡೇಟಾಶೀಟ್ ಓದಿದರೆ ಅದರಲ್ಲಿ ಸಿಂಕ್ ಅಂತ ಒಂದು ಪಿನ್ ಇತ್ತು. ಅದಕ್ಕೆ ಪಲ್ಸ್ ಕೊಟ್ಟರೆ ಎಲ್ಲಾ ಡಿವೈಡರ್‌ಗಳೂ ಸೊನ್ನೆಯಿಂದ ಎಣಿಸಲು ಶುರು ಮಾಡುತ್ತವೆ. ರೆಫರೆನ್ಸ್ ಎಡ್ಜ್ ಬಂದಾಗ ಮಾತ್ರ ಆ ಪಲ್ಸನ್ನು ಒಪ್ಪಿಕೊಳ್ಳುವ ಸೆಟ್ಟಿಂಗ್ ಕೂಡ ಇತ್ತು. ಬೋರ್ಡು ಮಾಡಿದವರು ಮಾತ್ರ ಆ ಪಿನ್ನನ್ನು ಒಂದು ರೆಸಿಸ್ಟರ್ ಹಾಕಿ ಗ್ರೌಂಡಿಗೆ ಕಟ್ಟಿಬಿಟ್ಟಿದ್ದರು. ಒಂದೇ ಬೋರ್ಡು ಬಳಸುವವರಿಗೆ ಅದು ಬೇಕಿಲ್ಲ ನೋಡಿ.

ಆ ರೆಸಿಸ್ಟರ್ 0402 ಅಳತೆಯದ್ದು, ಒಂದು ಮಿಲಿಮೀಟರ್ ಉದ್ದ, ಅರ್ಧ ಮಿಲಿಮೀಟರ್ ಅಗಲ. ಹುಡುಗ ಫ್ಯಾನ್ ಬಂದ್ ಮಾಡಿಸಿದ, ಗಾಳಿಗೆ ರೆಸಿಸ್ಟರ್ ಹಾರಿಹೋದರೆ ಹುಡುಕಲು ಆಗುವುದಿಲ್ಲ ಅಂತ. ಎಸಿಯೂ ಅವತ್ತು ಕೈಕೊಟ್ಟಿತ್ತು. ಬೆವರು ಬೋರ್ಡಿನ ಮೇಲೆ ಬೀಳದಂತೆ ಹಣೆಗೆ ಟವೆಲ್ ಕಟ್ಟಿಕೊಂಡು, ಪಕ್ಕದಲ್ಲಿ ಕಾಕಾ ಮೊಬೈಲ್ ಟಾರ್ಚ್ ಹಿಡಿದು ನಿಂತಿರುವಾಗ, ಒಂದು ಕಡೆ ಕಾಸಿ ಎತ್ತಿ, ಇನ್ನೊಂದು ಕಡೆ ಕಾಸಿ ತೆಗೆದ. ಖಾಲಿಯಾದ ಪ್ಯಾಡಿಗೆ ಕೂದಲೆಳೆಯಷ್ಟು ತೆಳುವಾದ ಎನಾಮೆಲ್ ತಂತಿ ಬೆಸೆದು, ತಂತಿ ಅಲುಗದಂತೆ ಒಂದು ಹನಿ ಗ್ಲೂ ಇಟ್ಟ. ಹಾಗೇ ಮೂರು ಬೋರ್ಡಿಗೂ. ಒಂದು ಪ್ಯಾಡೂ ಕಿತ್ತುಬರಲಿಲ್ಲ. ನಾನು ಮಾಡಿದ್ದರೆ ಒಂದಾದರೂ ಕಿತ್ತುಬರುತ್ತಿತ್ತೇನೋ.

ಸಿಂಕ್ ಪಲ್ಸನ್ನು 10 ಮೆಗಾಹರ್ಟ್ಸ್‌ನ ಇಳಿಯುವ ಎಡ್ಜ್‌ನಲ್ಲಿ ಕಳಿಸುವುದು, ಬೋರ್ಡುಗಳು ಅದನ್ನು ಏರುವ ಎಡ್ಜ್‌ನಲ್ಲಿ ಹಿಡಿಯುವುದು. ನಡುವೆ 50 ನ್ಯಾನೋಸೆಕೆಂಡ್ ಬಿಡುವು ಸಿಗುತ್ತದೆ. ಕೇಬಲ್ ಅರ್ಧ ಮೀಟರ್ ಹೆಚ್ಚುಕಮ್ಮಿ ಆದರೂ ಯಾರೂ ತಪ್ಪು ಎಡ್ಜ್ ಹಿಡಿಯಲು ಆಗುವುದಿಲ್ಲ. ಜೆಇಎಸ್‌ಡಿ204ಬಿ ಅನ್ನುವ ಡ್ಯಾಕ್-ಎಡಿಸಿ ಲಿಂಕ್‌ಗಳಲ್ಲಿ ಸಿಸ್‌ರೆಫ್ ಅಂತ ಒಂದು ಸಿಗ್ನಲ್ ಇರುತ್ತದೆ, ಅದರ ಕೆಲಸವೂ ಇದೇ.

ಮೊದಲ ಸಲ ಸಿಂಕ್ ಕೊಟ್ಟಾಗ ಬಿ ಬೋರ್ಡು ಪೂರ್ತಿ ಸತ್ತುಹೋಯಿತು. ಔಟ್‌ಪುಟ್ಟೇ ಇಲ್ಲ. ಡಿವೈಡರ್ ಸೊನ್ನೆಯಾಗುವಾಗ ಎಫ್‌ಪಿಜಿಎಗೆ ಹೋಗುವ ಕ್ಲಾಕ್ ಒಂದು ಕ್ಷಣ ಕೆಟ್ಟು ಬರುತ್ತದೆ, ಒಳಗಿನ ಲಾಜಿಕ್ ದಿಕ್ಕು ತಪ್ಪುತ್ತದೆ. ಮೊದಲು ಪಿಎಲ್‌ಎಲ್ ಲಾಕ್ ಆಗುವವರೆಗೆ ಕಾಯುವುದು, ಆಮೇಲೆ ಸಿಂಕ್, ಆಮೇಲೆ ಎಫ್‌ಪಿಜಿಎ ರೀಸೆಟ್, ಈ ಕ್ರಮ ಕೂರಿಸಿದ ಮೇಲೆ ಸರಿಹೋಯಿತು. ನೋಟ್‌ಬುಕ್ಕಿನಲ್ಲಿ ಎ ಮತ್ತು ಬಿ ಅಂತರ ಪ್ರತಿ ಸಲವೂ ಒಂದೇ ಬರಲು ಶುರುವಾಯಿತು.

ಟ್ರಿಗರ್‌ಗೆ ಈಗ ಸರದಿ. ಅದಕ್ಕೂ ಅದೇ ಉಪಾಯ. ಹುಡುಗಿ ಕ್ಲಾಕ್ ಚಿಪ್ಪಿನಿಂದಲೇ ಇನ್ನೊಂದು 10 ಮೆಗಾಹರ್ಟ್ಸ್ ಔಟ್‌ಪುಟ್ ತೆಗೆದು ಎಫ್‌ಪಿಜಿಎಗೆ ಕೊಟ್ಟಳು. ಆ ಡಿವೈಡರ್ ಕೂಡ ಸಿಂಕ್‌ಗೆ ಕಟ್ಟಿದ್ದು, ಆದ್ದರಿಂದ 250 ಮೆಗಾಹರ್ಟ್ಸ್ ಜೊತೆ ಅದರ ಸಂಬಂಧ ಯಾವಾಗಲೂ ಒಂದೇ, ಟೂಲ್‌ನಲ್ಲಿ ಟೈಮಿಂಗ್ ಕಟ್ಟುಪಾಡು ಬರೆದು ಗಟ್ಟಿ ಮಾಡಬಹುದು. ಟ್ರಿಗರ್ ಇಳಿಯುವ ಎಡ್ಜ್‌ನಲ್ಲಿ ಹೊರಡುತ್ತದೆ, ಬೋರ್ಡುಗಳು ಏರುವ ಎಡ್ಜ್‌ನಲ್ಲಿ ಮಾತ್ರ ಅದನ್ನು ನೋಡುತ್ತವೆ. ಚಿಕ್ಕ ಗುಂಪು ಹೋಯಿತು. 40 ಸೆಂಟಿಮೀಟರ್ ತುಂಡು ಸೇರಿಸಿದರೂ ಬರಲಿಲ್ಲ, ತೆಗೆದರೂ ಬರಲಿಲ್ಲ.

ಇದಕ್ಕೆ ಬಿಟ್ಟುಕೊಟ್ಟದ್ದು

ಹುಡುಗಿ ಒಂದು ತಕರಾರು ತೆಗೆದಿದ್ದಳು, ಸರಿಯಾದ ತಕರಾರು. "ಸರ್, ಇನ್ಮ್ಯಾಲ ಪ್ರತಿ ಪ್ರಯೋಗ 100 ನ್ಯಾನೋಸೆಕೆಂಡ್‌ಗೊಮ್ಮೆ ಮಾತ್ರ ಶುರು ಮಾಡ್ಲಿಕ್ಕ ಬರ್ತದ. ಅದು ಲಾಸ್ ಅಲ್ರಿ?"

ಶುರು ಮಾಡುವಾಗ ಮಾತ್ರ ಲಾಸ್. ಒಳಗೆ ಪ್ರತಿ ಬೋರ್ಡು ತನ್ನ 4 ನ್ಯಾನೋಸೆಕೆಂಡ್ ಟಿಕ್ ಎಣಿಸಿಕೊಂಡು ಪಲ್ಸ್ ಕೊಡುತ್ತಾ ಹೋಗುತ್ತದೆ. ಒಂದು ಶಾಟ್ ಆದ ಮೇಲೆ ಕ್ಯೂಬಿಟ್ ತಾನಾಗಿಯೇ ಕೆಳಗಿನ ಸ್ಥಿತಿಗೆ ಇಳಿಯಲಿ ಅಂತ ನೂರಾರು ಮೈಕ್ರೋಸೆಕೆಂಡ್ ಕಾಯುವ ಕ್ರಮ ಇದೆ, ಅದರ ಮುಂದೆ 100 ನ್ಯಾನೋಸೆಕೆಂಡ್ ಲೆಕ್ಕಕ್ಕಿಲ್ಲ.

ಆದರೆ ಮಧ್ಯದಲ್ಲಿ ಓದಿ, ಬಂದ ಉತ್ತರ ನೋಡಿ, ಮುಂದಿನ ಪಲ್ಸ್ ತೀರ್ಮಾನಿಸುವ ಕೆಲಸಕ್ಕೆ ಇದು ಸಾಲದು. ವಿಲೋ ಚಿಪ್ಪಿನಲ್ಲಿ ದೋಷ ತಿದ್ದುವ ಒಂದು ಸುತ್ತು 1.1 ಮೈಕ್ರೋಸೆಕೆಂಡ್. ಅಂಥಲ್ಲಿ ಬೋರ್ಡಿನಿಂದ ಬೋರ್ಡಿಗೆ ಸಂದೇಶ ಹೋಗುವಾಗಲೆಲ್ಲ 100 ನ್ಯಾನೋಸೆಕೆಂಡ್‌ವರೆಗೆ ಕಾಯುತ್ತಾ ಕೂತರೆ ಹೊತ್ತೆಲ್ಲ ಅದಕ್ಕೇ ಹೋಗುತ್ತದೆ. ಅದಕ್ಕೆ ಎಷ್ಟು ಟಿಕ್‌ನಲ್ಲಿ ಸಂದೇಶ ತಲುಪುತ್ತದೆ ಅಂತ ಖಚಿತ ಇರುವ ಲಿಂಕ್ ಬೇಕು. ಅಯಾನುಗಳನ್ನು ಹಿಡಿದಿಟ್ಟು ಕ್ಯೂಬಿಟ್ ಮಾಡುವ ಅಯಾನ್ ಟ್ರ್ಯಾಪ್ ಲ್ಯಾಬುಗಳಲ್ಲಿ ಬಳಸುವ ಆರ್ಟಿಕ್ ವ್ಯವಸ್ಥೆಯಲ್ಲಿ ಅಂಥ ಲಿಂಕ್ ಇದೆ. ದೂರ ದೂರದ ಪೆಟ್ಟಿಗೆಗಳಿಗೆ ಯುರೋಪಿನ ಭೌತವಿಜ್ಞಾನ ಲ್ಯಾಬ್ ಸರ್ನ್‌ನಲ್ಲಿ ಹುಟ್ಟಿದ ವೈಟ್ ರ‍್ಯಾಬಿಟ್ ಇದೆ, ಫೈಬರ್‌ನಲ್ಲಿ ಕಿಲೋಮೀಟರ್‌ಗಟ್ಟಲೆ ದೂರಕ್ಕೂ ಒಂದು ನ್ಯಾನೋಸೆಕೆಂಡ್‌ಗಿಂತ ಕಮ್ಮಿ ತಪ್ಪಿನಲ್ಲಿ ಹೊತ್ತು ಹೊಂದಿಸುತ್ತದೆ. ಈ ಬೆಂಚಿಗೆ ಅದೆಲ್ಲ ಸದ್ಯಕ್ಕೆ ಬೇಡ ಅಂತ ಮೇಡಂ ತೀರ್ಮಾನಿಸಿದರು. ಮೂರು ಬೋರ್ಡು, ಎರಡು ಕ್ಯೂಬಿಟ್, ಫೀಡ್‌ಬ್ಯಾಕ್ ಇಲ್ಲ. ಏನು ಮಾಡುವುದಿಲ್ಲ ಅಂತ ಮೊದಲೇ ಬರೆದಿಟ್ಟದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಈ ಕೆಲಸ ಮುಗಿಯುತ್ತಲೇ ಇರಲಿಲ್ಲ.

ಈಗ

ಬೆಂಗಳೂರಿನ ಲ್ಯಾಬಿನವರು ಬಂದು ನೋಡಿದರು. ಪಲ್ಸ್ ಎಷ್ಟು ಚೆನ್ನಾಗಿ ಕೂತಿದೆ ಅಂತ ತೋರಿಸಲು ಹುಡುಗರು ಸ್ಕೋಪ್ ರೆಡಿ ಮಾಡಿಕೊಂಡಿದ್ದರು. ಬಂದವರು ಸ್ಕೋಪ್ ನೋಡುವ ಮೊದಲೇ ಆಸಿಲೇಟರ್ ಸಮೇತ ಎಲ್ಲವನ್ನೂ ಆಫ್ ಮಾಡಿಸಿ, ಟೀ ಕುಡಿದು ಬಂದು, ಆನ್ ಮಾಡಿಸಿದರು. ಆಮೇಲೆ ನೋಟ್‌ಬುಕ್ ಕೇಳಿ ಪುಟ ತಿರುಗಿಸಿದರು. ಕ್ಯೂಬಿಟ್‌ನ ಮೊದಲ ಹಂತದ ಅಳತೆಗಳಿಗೆ ಬೆಂಚು ಬಳಸಲು ಒಪ್ಪಿದ್ದಾರೆ.

ಉಳಿದ ಅಂತರ ಈಗ ಒಂದು ನ್ಯಾನೋಸೆಕೆಂಡ್‌ಗಿಂತ ಕಮ್ಮಿ, ಬೋರ್ಡಿನ ತಂತಿಗಳದ್ದು, ಕೇಬಲ್ ಕತ್ತರಿಸಿದ್ದರಲ್ಲಿ ಆದ ಹೆಚ್ಚುಕಮ್ಮಿಯದ್ದು. ಅದು ಬದಲಾಗುವುದಿಲ್ಲವಾದ್ದರಿಂದ ಅದೇ ಹಳೆಯ ತಡದ ಪಟ್ಟಿಯಲ್ಲಿ ಹಾಕಿದ್ದಾರೆ. ಮೊದಲು ಆ ಪಟ್ಟಿ ಕೆಲಸ ಮಾಡದಿದ್ದದ್ದು ಪಟ್ಟಿಯ ತಪ್ಪಲ್ಲ, ನಿಲ್ಲದ ಅಂಕಿಯನ್ನು ಅದರಲ್ಲಿ ಬರೆದದ್ದೇ ತಪ್ಪು. ಬೋರ್ಡುಗಳು ಆನ್ ಆದಾಗಲೆಲ್ಲ ತಾವೇ ಒಂದು ಪರೀಕ್ಷಾ ಪಲ್ಸ್ ಕಳಿಸಿ, ಅಂತರ ಅಳೆದು, ಪಟ್ಟಿಯ ಜೊತೆ ಹೊಂದದಿದ್ದರೆ ಪ್ರಯೋಗ ಶುರು ಮಾಡಲು ಬಿಡದಂತೆ ಹುಡುಗಿ ಕೋಡ್ ಬರೆದಿದ್ದಾಳೆ. ಲಾಕ್ ಲೈಟಿನ ಪಕ್ಕದಲ್ಲಿ ಇನ್ನೊಂದು ಲೈಟು ಕೂರಿಸಿದ್ದಾರೆ, ಈ ಪರೀಕ್ಷೆ ಪಾಸಾದರೆ ಮಾತ್ರ ಅದು ಹತ್ತುತ್ತದೆ. ಮಿಕ್ಸರ್‌ಗೆ ಹೋಗುವ 5 ಗಿಗಾಹರ್ಟ್ಸ್ ಕೇಬಲ್‌ಗಳ ಪಿಕೋಸೆಕೆಂಡ್ ಜಾರಾಟ ಹಾಗೇ ಬಾಕಿ ಇದೆ. ಅದನ್ನು ಅಳೆಯುವ ಉಪಕರಣ ಇಲ್ಲಿಲ್ಲ, ಬೆಂಗಳೂರಿನಲ್ಲೇ ಮಾಡುತ್ತಾರೆ. ಎಸಿ ಸದ್ಯ 26ಕ್ಕೆ ಇದೆ.